ಹೆಬ್ಬೆರಳ ಕೆಳಗಿನ ಕಾಳು

ಶಾಂತವ್ವ, ಅವತ್ತು ನಿನಗೆ ಬೇಡ ಎಂದವಳು ಶೆಟಿಗೆವ್ವ ಅಲ್ಲ. ನಾನು. ಅವಳು ಹೂಂ ಅಂದಿದ್ದಳು — ಕಾಳು ಒಂಟಿಯಾಗಿಯೇ ಉಳಿದಿತ್ತು — ನಾನು ಅದನ್ನು ಹೆಬ್ಬೆರಳ ಕೆಳಗೆ ಮುಚ್ಚಿ ಎಳೆದುಕೊಂಡೆ. ಇಷ್ಟು ಹೇಳಲು ಇಷ್ಟು ವರ್ಷ ಹಿಡಿಯಿತು. ಹೇಳಿದ ಮೇಲೆ ಹಗುರಾಯಿತೇ ಎಂದರೆ, ಇಲ್ಲ. ಇನ್ನೂ ಪೂರ್ತಿ ಹೇಳಿಲ್ಲ.

ನಾನು ಕುಷ್ಟಗಿಯ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ಸೀರೆಗಳ ನಡುವೆ ಸುತ್ತಿ ತಂದದ್ದು ಅರಿಷಿಣ ಹಚ್ಚಿದ ಒಂದು ಕಲ್ಲು. ನಿನಗೆ ನೆನಪಿರಬೇಕು, ಅದನ್ನು ಅಡುಗೆಮನೆಯ ಗೂಡಿನಲ್ಲಿ ಕೂರಿಸಲು ಸುಣ್ಣ ಬಳಿದುಕೊಟ್ಟವಳು ನೀನೇ. ಕನಕಗಿರಿ ಕಡೆಯ ನಮ್ಮೂರಲ್ಲಿ ನನ್ನ ತಾಯಿಯ ತಾಯಿ, ನಮ್ಮ ಆಯಿ, ಜೀವಮಾನವೆಲ್ಲ ಪೂಜೆ ಮಾಡಿದ ಶೆಟಿಗೆವ್ವ ಅದು. ಕೂಸು ಹುಟ್ಟಿದ ಐದನೆಯ ದಿನ ಬಂದು ಹಣೆಯ ಮೇಲೆ ಬರೆದು ಹೋಗುವವಳು. ಉಳಿದವರು ಆ ಒಂದು ದಿನ ಅವಳನ್ನು ನೆನೆದು ಮರೆತುಬಿಡುತ್ತಾರೆ. ಆಯಿ ಮರೆಯಲಿಲ್ಲ, ಪ್ರತಿ ಮಂಗಳವಾರ ದೀಪ ಹಚ್ಚಿ ಅವಳ ಮುಂದೆ ಕೂತು ಮಾತಾಡುತ್ತಿದ್ದಳು. ಬರೆದವಳನ್ನೇ ಕೇಳಿದರೆ ಆಗುವುದಿಲ್ಲವೇ ಎನ್ನುತ್ತಿದ್ದಳು. ಕೇಳುವ ಬಗೆ ಸರಳ. ಮೊರದಲ್ಲಿ ಜೋಳ ಹರವಿ, ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಒಂದು ಚಿಟಿಕೆ ಕಾಳು ತೆಗೆಯಬೇಕು. ಎರಡೆರಡಾಗಿ ಸರಿಸುತ್ತ ಹೋಗಬೇಕು. ಕೊನೆಗೆ ಒಂದು ಉಳಿದರೆ ಅಪ್ಪಣೆ, ಏನೂ ಉಳಿಯದಿದ್ದರೆ ಬೇಡ.

ಕಲ್ಲನ್ನು ನನ್ನ ಉಡಿಗೆ ಹಾಕುವಾಗ ಆಯಿ ಒಂದೇ ಮಾತು ಹೇಳಿದ್ದಳು. “ಹೊರಗಿನ ಮಂದಿಗೆ ನೋಡವಾ. ಮನಿ ಮಂದಿದು ಮಾತ್ರ ನೋಡಬ್ಯಾಡ. ಕೈಗೆ ಆಸಿ ಇರ್ತೈತಿ.”

ಓಣಿಯ ಹೆಂಗಸರು ಬರತೊಡಗಿದರು. ಕಳೆದ ಆಡು ಸಿಕ್ಕೀತೇ, ಗಂಡನ ಮನೆಗೆ ತಿರುಗಿ ಹೋಗಲೇ, ಈ ಬಸುರಾದರೂ ನಿಂತೀತೇ — ನಾನು ಕಾಳು ಸರಿಸುತ್ತಿದ್ದೆ, ಉಳಿದದ್ದನ್ನು ಉಳಿದ ಹಾಗೇ ಹೇಳುತ್ತಿದ್ದೆ. ಹಿಂದಿನಿಂದ ಕೆಲವರು ಮಾಟಗಿತ್ತಿ ಎಂದರು. ನೀನು ಅದನ್ನೇ ಹಿಡಿದು “ಮಾಟಗಿತ್ತಿ ವೈನೀ, ನಮ್ಮಣ್ಣಗ ಹೇಳಿ ನಂಗೊಂದು ಬಳಿ ತರಸು, ಇಲ್ಲಾಂದ್ರ ಪೋಲೀಸ್ರಿಗೆ ಹಿಡದು ಕೊಡ್ತೀನಿ” ಎಂದು ಕಾಡುತ್ತಿದ್ದೆ. ಆ ಮನೆಯಲ್ಲಿ ನನ್ನನ್ನು ನಗಿಸುತ್ತಿದ್ದವಳು ನೀನೊಬ್ಬಳೇ.

ಎಪ್ಪತ್ತನಾಲ್ಕೋ ಎಪ್ಪತ್ತೈದೋ. ನೀನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ರಾಯಚೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಕರೆ ಬಂದಿತ್ತು. ಅಕ್ಕೋರಾಗಬೇಕು ಎಂಬುದು ಚಿಕ್ಕಂದಿನಿಂದ ನಿನ್ನ ಹುಚ್ಚು. ದನದ ಕೊಟ್ಟಿಗೆಯ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಮಗ್ಗಿ ಬರೆದು ಎಮ್ಮೆಗೆ ಪಾಠ ಹೇಳುತ್ತಿದ್ದೆಯಂತೆ. ಮಾವನವರು ಅರ್ಧ ಒಪ್ಪಿದ್ದರು. ಹಿಂಜರಿದವರು ಅತ್ತೆ. ಕೊನೆಗೆ ಅವರೇ ದಾರಿ ತೆಗೆದರು: “ಶೆಟಿಗೆವ್ವನ್ನ ಕೇಳೂಣು. ಅಕಿ ಹೂಂ ಅಂದ್ರ ನಂದೇನೂ ತಕರಾರಿಲ್ಲ.” ಮನೆಯವರದು ನೋಡಬಾರದು ಎಂದೆ. “ಊರ ಮಂದಿಗೆಲ್ಲ ನೋಡ್ತಿ, ಮನಿ ಮಗಳಿಗೆ ನೋಡಾಕ ಏನ್ ಧಾಡಿ?” ಎಂದರು. ಅಲ್ಲಿಯೇ ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೊರ ತಂದೆ.

ಮಂಗಳವಾರದ ಮಧ್ಯಾಹ್ನ. ಅತ್ತೆ ನನ್ನ ಬಲಕ್ಕೆ, ಅವರ ಕಣ್ಣು ಆಗಲೇ ಮಂಜಾಗಿತ್ತು. ನೀನು ಎದುರಿಗೆ, ಕರೆಯ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕೈಮುಗಿದು ಕಣ್ಣು ಮುಚ್ಚಿದ್ದೆ. ಕಾಳು ಸರಿಸುತ್ತ ಬಂದೆ. ಕೊನೆಗೆ ಮೂರು ಉಳಿದವು. ಎರಡನ್ನು ಸರಿಸಿದರೆ ಒಂದು. ನೀನು ಹೋಗುತ್ತೀ — ಅಷ್ಟೇ ನನಗೆ ಹೊಳೆದದ್ದು. ಬೆರಳು ಎರಡನ್ನು ಸರಿಸುವಾಗ ಹೆಬ್ಬೆರಳು ಮೂರನೆಯದನ್ನೂ ಒತ್ತಿ ಎಳೆಯಿತು.

“ಬ್ಯಾಡ ಅಂದಾಳ,” ಎಂದೆ.

ನೀನು ಅಳಲಿಲ್ಲ. ಕಣ್ಣು ತೆರೆದು ಕಲ್ಲಿಗೆ ಕುಂಕುಮ ಹಚ್ಚಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗೂಡಿನಲ್ಲಿ ಅವಳ ಪಾದದ ಬಳಿ ಇಟ್ಟೆ.

ಯಾಕೆ ಮಾಡಿದೆ? ಆಗ ನಾನು ಎರಡನೆಯ ಬಾರಿ ಬಸುರಿ, ಅತ್ತೆಯ ಮೊಣಕಾಲು ಹಿಡಿದಿತ್ತು, ದಿನಕ್ಕೆ ನಲವತ್ತು ರೊಟ್ಟಿ — ನೀನು ಹೋದರೆ ಎಲ್ಲ ನನ್ನ ಮೇಲೆ. ಬಹಳ ದಿನ ನನಗೆ ನಾನೇ ಹೀಗೆ ಹೇಳಿಕೊಂಡೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೆಲಸಕ್ಕೆ ನಾನು ಎಂದೂ ಹೆದರಿದವಳಲ್ಲ. ನೀನಿಲ್ಲದ ಮನೆಗೆ ಹೆದರಿದೆ. ಪ್ರೀತಿಯಿಂದ ಮಾಡಿದೆ ಎಂದು ಬರೆಯಲು ಹೋಗಿ ಕೈ ತಡೆಯುತ್ತೇನೆ — ನಿನ್ನ ಬದುಕನ್ನು ನನ್ನ ಜೊತೆಗಾಗಿ ಕಿತ್ತುಕೊಂಡದ್ದಕ್ಕೆ ಆ ಹೆಸರು ಕೊಡಲಾರೆ.

ಕಿತ್ತುಕೊಂಡು ಉಳಿಸಿಕೊಂಡದ್ದಾದರೂ ಎಷ್ಟು? ಹನ್ನೊಂದು ತಿಂಗಳು. ಓದಿಗೆ ಹೋಗದ ಹುಡುಗಿ ಮನೆಯಲ್ಲಿ ಯಾಕೆ ಎಂದು ನಿನ್ನನ್ನು ಯಲಬುರ್ಗಿಗೆ ಕೊಟ್ಟರು. ಗಂಡ ಕೆಟ್ಟವನಲ್ಲ. ಅಂಗಡಿ, ಹೊಲ, ಎಲ್ಲ ಇತ್ತು. ಆದರೂ ಹಬ್ಬಕ್ಕೆ ಬಂದಾಗಲೆಲ್ಲ ನೀನು ಶಾಲೆ ಬಿಡುವ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ಯಾರಾದರೂ ಕೇಳಿದರೆ “ನನ್ನ ಹಣ್ಯಾಗ ಬರದಿರಲಿಲ್ಲ ಬಿಡ್ರಿ” ಎನ್ನುತ್ತಿದ್ದೆ. ಒಳಗೆ ನಾನು ಕೇಳಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿನ್ನ ಮಗಳು ರೇಣುಕಾ ಏಳನೇ ತರಗತಿ ಮುಗಿಸಿದ್ದಳು. ಕೊಪ್ಪಳದ ಹಾಸ್ಟೆಲಿಗೆ ಕಳಿಸುವುದೋ ಬಿಡುವುದೋ ಎಂದು ಕೇಳಲು ನೀನು ಬಸ್ಸಿಳಿದು ನೇರ ಅಡುಗೆಮನೆಗೆ ಬಂದೆ.

“ವೈನೀ, ನಿನ್ನ ಕೈ ಖೊಟ್ಟಿ ಅಲ್ಲ. ಹುಡುಗಿದು ಕೇಳಿ ಹೇಳು.”

“ಕೇಳೂದ ಬ್ಯಾಡ. ಕಳಸಿಬಿಡು,” ಎಂದೆ.

“ಮತ್ತ ನನಗ್ಯಾಕ ಕೇಳಿದ್ದಿ?”

ನೀನು ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದೆ. ಆಗ ಹೇಳಬಹುದಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಒಲೆಯ ಕಡೆ ತಿರುಗಿ “ಆಗಿನ ಕಾಲ ಬ್ಯಾರೆ ಇತ್ತು” ಎಂದುಬಿಟ್ಟೆ. ಮೊದಲನೆಯದು ಒಂದು ಗಳಿಗೆಯಲ್ಲಿ ಕೈ ಮಾಡಿದ ತಪ್ಪು. ಇದು ಯೋಚಿಸಿ ಬಾಯಿ ಆಡಿದ್ದು. ಇದೇ ದೊಡ್ಡದೆಂದು ನನಗೆ ಗೊತ್ತು.

ಶೆಟಿಗೆವ್ವ ಹೂಂ ಅನ್ನದೆ ಕಳಿಸಲಾರೆ ಎಂದು ನೀನು ಹಟ ಹಿಡಿದೆ. ಮೊರ ತಂದೆ. ನಾನು ಎಣಿಸಲೇ ಇಲ್ಲ. ಒಂದು ಕಾಳು ಎತ್ತಿ ನಡುವೆ ಇಟ್ಟು “ಹೂಂ ಅಂದಾಳ” ಎಂದೆ. ಆ ಸಲ ನೀನು ಕಣ್ಣು ಮುಚ್ಚಿರಲಿಲ್ಲ. ಕಾಳನ್ನು ನೋಡಿದೆ, ನನ್ನನ್ನು ನೋಡಿದೆ, ಎದ್ದು ಹೋದೆ. ರೇಣುಕಾ ಕೊಪ್ಪಳಕ್ಕೆ ಹೋದಳು. ಅವಳು ಓದಿದ್ದರಿಂದ ನಿನ್ನದು ತೀರಿತು ಎಂದು ನಾನು ಅಂದುಕೊಂಡಿಲ್ಲ. ಅಂದಿನಿಂದ ಯಾರಿಗೂ ಕಾಳು ನೋಡಿಲ್ಲ. ಶೆಟಿಗೆವ್ವನಿಗೆ ದೀಪ ಮಾತ್ರ ಹಚ್ಚುತ್ತೇನೆ. ನನ್ನ ತಪ್ಪನ್ನು ಇಷ್ಟು ವರ್ಷ ಅವಳ ತಲೆಗೆ ಕಟ್ಟಿದೆ. ಅವಳ ಕ್ಷಮೆಯನ್ನೂ ನಿನಗಿಂತ ಮೊದಲು ಕೇಳಲಾರೆ.

ಇನ್ನೊಂದು ಮಾತಿದೆ, ಇದನ್ನು ಬರೆಯುವುದೇ ಕಷ್ಟ. ನಾನು ಸೊಸೆಯಾಗಿ ಬಂದಾಗ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ನಿನ್ನ ಮದುವೆಗೆ ಮೊದಲಿನ ಆ ಹನ್ನೊಂದು ತಿಂಗಳು, ದಿನಾ ಮಧ್ಯಾಹ್ನ, ಪಾಟಿ ಹಿಡಿದು ನನ್ನ ಪಕ್ಕದಲ್ಲಿ ಕೂತು ಅ ಆ ತಿದ್ದಿಸಿದವಳು ನೀನು. ನೀನು ಅಕ್ಕೋರಾದದ್ದು ನನ್ನೊಬ್ಬಳಿಗೆ ಮಾತ್ರ. ಈ ಕಾಗದ ನೀನು ಕಲಿಸಿದ ಅಕ್ಷರದಲ್ಲಿದೆ.

ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಯಲಬುರ್ಗಿಗೆ ಬಂದು ನಿನ್ನ ಕೈಯಲ್ಲೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಆಮೇಲೆ ನೀನು ಏಳು ಎಂದರೆ ಏಳುತ್ತೇನೆ.