ಗ್ಯಾರೇಜಿನಲ್ಲಿದ್ದ ಆಟೋ

ನಮ್ಮ ಡ್ರಾಯಿಂಗ್ ಟೀಚರ ಕೆಳತುಟಿಯ ಬಲಮೂಲೆಯಲ್ಲಿ ಯಾವಾಗಲೂ ಒಂದು ನೀಲಿ ಚುಕ್ಕೆ ಇರುತ್ತಿತ್ತು. ಬ್ರಶ್ಶಿನ ತುದಿ ಚೂಪಾಗಲೆಂದು ಅದನ್ನು ತುಟಿಗಿಟ್ಟು ಎಳೆಯುವುದು ಅವರ ಅಭ್ಯಾಸ. ಶಾಲೆಯಲ್ಲಿ ನಮಗೆ ಮಾತ್ರ, ‘ಬ್ರಶ್ಶು ಬಾಯಿಗಿಟ್ಟವನಿಗೆ ಪೆಟ್ಟು ಉಂಟು’ ಎಂದು ಹೆದರಿಸುತ್ತಿದ್ದರು. ನಾವು ಅವರ ತುಟಿ ನೋಡಿ ಬೆಂಚಿನಡಿಗೆ ತಲೆ ತಗ್ಗಿಸಿ ನಗುತ್ತಿದ್ದೆವು. ಪಟ್ಟೆಸೀರೆ ಉಟ್ಟು ಮದುವೆಗೆ ಬಂದಾಗಲೂ ಆ ಚುಕ್ಕೆ ಅಲ್ಲೇ. ಯಾರಾದರೂ ಹೇಳಿದರೆ ಸೆರಗಿನಿಂದ ಒರೆಸಿ, ಇನ್ನಷ್ಟು ಹರಡಿಸಿಕೊಂಡು, ‘ಹೋಯಿತಾ?’ ಎಂದು ಕೇಳುವರು. ನಾವು ಹೋಯಿತೆನ್ನುತ್ತಿದ್ದೆವು.

ನಾನು ಬೆಳ್ತಂಗಡಿಯಲ್ಲಿ ಆಟೋ ಓಡಿಸುವವನು. ಚಿತ್ರಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಏಳನೇ ಕ್ಲಾಸಿನಲ್ಲಿ ನಾನು ಬಿಡಿಸಿದ ದನವನ್ನು ನೋಡಿ ಟೀಚರು, ‘ಇದಕ್ಕೆ ಒಂದು ಕಾಲು ಜಾಸ್ತಿ ಉಂಟು, ಆದರೆ ನಿಂತದ್ದು ಚಂದ ಉಂಟು’ ಎಂದಿದ್ದರು. ಆ ವಿದ್ಯೆಯಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಟೀಚರಿಗೆ ಮದುವೆ ಆಗಿರಲಿಲ್ಲ. ಪಕ್ಕದ ಲಾಯಿಲದಲ್ಲಿ ತಮ್ಮನ ಮನೆಯಲ್ಲಿದ್ದರು. ನಿವೃತ್ತಿಯಾದ ವರ್ಷ ಜೂನ್ ತಿಂಗಳಲ್ಲಿ ಒಂದು ಭಾನುವಾರ, ರಟ್ಟಿನ ಹಲಗೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಸ್ಟ್ಯಾಂಡಿಗೆ ಬಂದು ನೇರ ನನ್ನ ಆಟೋ ಹತ್ತಿದರು.

‘ಎಲ್ಲಿಗೆ ಟೀಚರ್?’

‘ಎಲ್ಲಿಗೂ ಇಲ್ಲ ಮಾರಾಯ. ಗಡಾಯಿಕಲ್ಲು ಚಂದ ಕಾಣುವ ಕಡೆ ನಿಲ್ಲಿಸು. ನಾನು ಇಳಿಯುವುದಿಲ್ಲ.’

ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಟೀಚರು ಮಾತ್ರ ನನ್ನೊಂದಿಗೆ ಕೊನೆಯವರೆಗೂ ಶಾಲೆಯ ಕನ್ನಡವನ್ನೇ ಆಡಿದರು. ಅವರು ಬಾಯಿ ತೆರೆದರೆ ನಲವತ್ತು ದಾಟಿದ ನಾನು ಕೈ ಕಟ್ಟಿ ನಿಲ್ಲುವಂತಾಗುತ್ತಿತ್ತು.

ಗಡಾಯಿಕಲ್ಲು ನಮ್ಮೂರಿಗೆ ಒರಗಿಕೊಂಡೇ ಇರುವ ಒಂಟಿ ಬಂಡೆಗುಡ್ಡ. ಮಳೆಗಾಲದಲ್ಲಿ ಮೋಡ ಅದನ್ನು ಒಮ್ಮೆ ನುಂಗುತ್ತದೆ, ಒಮ್ಮೆ ಉಗುಳುತ್ತದೆ. ಟೀಚರಿಗೆ ಬೇಕಾದದ್ದು ಆ ಎರಡರ ನಡುವಿನ ಐದು ನಿಮಿಷ. ಆ ಐದು ನಿಮಿಷಕ್ಕಾಗಿ ಎರಡು ಗಂಟೆ ಕಾಯುವರು. ಬೇಸಿಗೆಯ ಚಿತ್ರ ಅವರಿಗೆ ಆಗದು. ‘ಬಣ್ಣ ಹಚ್ಚುವ ಮೊದಲೇ ಒಣಗ್ತದೆ. ಮೂಗಿನ ಬೆವರು ಬಿದ್ದು ಆಕಾಶಕ್ಕೆ ತೂತು’ ಎನ್ನುವರು. ಮನೆಯೊಳಗೆ ಕೂತು, ಫೋಟೋ ನೋಡಿ ಬಿಡಿಸುವುದಂತೂ ದೂರದ ಮಾತು. ‘ಗಾಳಿ ತಾಗದೆ ಬಿಡಿಸಿದ್ದು ಕ್ಯಾಲೆಂಡರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಹೀಗೆ ಮೂರು ಮಳೆಗಾಲ ನನ್ನ ಭಾನುವಾರಗಳು ಟೀಚರ ಪಾಲಾದವು. ಬಂಟ್ವಾಳದಲ್ಲಿ ಕೆಂಪು ನೀರು ತುಂಬಿದ ಹೊಳೆ, ಪುಂಜಾಲಕಟ್ಟೆ ದಾರಿಯ ಗದ್ದೆ, ಮೂಡುಬಿದಿರೆ ಬದಿಯ ಗುಡ್ಡ. ಮಳೆ ಯಾವ ದಿಕ್ಕಿನಿಂದ ಬರುತ್ತದೆಂದು ನೋಡಿ ಆಟೋವಿನ ಬೆನ್ನನ್ನು ಅದಕ್ಕೆ ಕೊಟ್ಟು ನಿಲ್ಲಿಸುವುದು ನನ್ನ ಮೊದಲ ಕೆಲಸ. ಒಂದು ಬದಿಯ ಪರದೆ ಇಳಿಸಿ ಕಟ್ಟಬೇಕು, ಇನ್ನೊಂದು ಬದಿ ತೆರೆದಿರಬೇಕು. ಟೀಚರು ಹಿಂದಿನ ಸೀಟಿನಲ್ಲಿ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಕೂರುವರು. ಮಳೆನೀರನ್ನೇ ಕೈ ಚಾಚಿ ಸ್ಟೀಲ್ ಲೋಟಕ್ಕೆ ಹಿಡಿಯುವರು. ನಾನು ಮುಂದಿನ ಸೀಟಿನಲ್ಲಿ ಕಲ್ಲಾಗಿ ಕೂರಬೇಕು. ಒಮ್ಮೆ ಸೀನಿದ್ದಕ್ಕೆ, ‘ನಿನ್ನಿಂದಾಗಿ ತೆಂಗಿನಮರಕ್ಕೆ ಎರಡು ತಲೆ ಬಂತು’ ಎಂದು ಬೈದಿದ್ದರು.

ನಮ್ಮ ಮಳೆಗಾಲದಲ್ಲಿ ಚಡ್ಡಿಯೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ಚಿತ್ರ ಒಣಗುತ್ತದೆಯೇ! ಒಂದು ಬಣ್ಣ ಒಣಗದೆ ಅದರ ಮೇಲೆ ಇನ್ನೊಂದು ಹಚ್ಚಿದರೆ ಎಲ್ಲ ಕಲಸಿ ಅಂಬಲಿಯಾಗುತ್ತದೆ. ಮನೆಯಲ್ಲಿ ಹಾಳೆಗಳಿಗೆ ಬೂಸ್ಟು ಹಿಡಿಯಬಾರದೆಂದು ಅಕ್ಕಿಯ ಡ್ರಮ್ಮಿನಲ್ಲಿ ಹುಗಿದಿಡುತ್ತಿದ್ದರು. ದಾರಿಯಲ್ಲಿ ಒಣಗಿಸುವ ಉಪಾಯ ಮಾತ್ರ ನನ್ನದು. ಆಟೋವಿನ ಎಂಜಿನ್ ಇರುವುದು ಹಿಂದೆ. ಅದನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಮುಚ್ಚಳ ಎತ್ತಿ, ಆ ಬಿಸಿಗೆ ಹಲಗೆಯನ್ನು ಹಪ್ಪಳದಂತೆ ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದೆ. ಮೊದಲ ಸಲ ನೋಡಿದಾಗ ಟೀಚರು, ‘ದನದ ಐದನೇ ಕಾಲು ಈಗ ಕೆಲಸಕ್ಕೆ ಬಂತು ನೋಡು’ ಎಂದರು. ಆ ದಿನ ನಾನು ನೆಲದ ಮೇಲೆ ನಡೆದದ್ದು ಕಡಿಮೆ.

ಒಮ್ಮೆ ಮೂಡುಬಿದಿರೆ ಬದಿಯಲ್ಲಿ ಬೀಸಿದ ಗಾಳಿಗೆ ಪರದೆ ಹರಿದು, ಹಲಗೆ ಹಾರಿ ಗದ್ದೆಗೆ ಬಿತ್ತು. ನಾನು ಲುಂಗಿ ಎತ್ತಿಕಟ್ಟಿ ಕೆಸರಿಗೆ ಹಾರಿದೆ. ಟೀಚರು ಆಟೋದಿಂದ ಕೂಗುತ್ತಿದ್ದರು, ‘ಅಡ್ಡ ಹಿಡಿಯಬೇಡ! ಹಾಸಿಗೆಯಂತೆ ಹಿಡಿ! ನೀನು ನೆನೆದರೆ ಅಡ್ಡಿ ಇಲ್ಲ!’ ಅಂಗಿ ಬಿಚ್ಚಿ ಹಾಳೆಗೆ ಹೊದಿಸಿ, ಬರಿಮೈಯಲ್ಲಿ ಬಂದೆ. ಅವರು ಮೊದಲು ಆಕಾಶದ ಬಣ್ಣ ನೋಡಿದರು, ಆಮೇಲೆ ನನ್ನನ್ನು. ‘ಪಾಪ, ಚಳಿ ಆಗ್ತದಾ?’ ಎಂದು ತಮ್ಮ ಶಾಲು ಕೊಟ್ಟರು.

ಮೂರನೆಯ ವರ್ಷದ ಜುಲೈಯಲ್ಲಿ, ಪುಂಜಾಲಕಟ್ಟೆ ದಾಟಿ ನಿಂತಿದ್ದಾಗ, ಬ್ರಶ್ಶು ಕೆಳಗೆ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಟೀಚರು ಎರಡೂ ಕೈಯಿಂದ ಸೀಟಿನ ಕಂಬಿ ಹಿಡಿದು ಉಸಿರನ್ನು ಎಳೆಯುತ್ತಿದ್ದರು. ಅವರಿಗೆ ದಮ್ಮು ಇರುವುದು ನನಗೆ ಗೊತ್ತಿತ್ತು. ಇಷ್ಟೆಂದು ಗೊತ್ತಿರಲಿಲ್ಲ. ಬಾಯಿಗೆ ಹೊಡೆದುಕೊಳ್ಳುವ ಪಂಪು ಮುಗಿದಿತ್ತು. ಆಸ್ಪತ್ರೆ ಮುಟ್ಟುವಾಗ ಅವರ ಉಗುರೆಲ್ಲ ನೀಲಿ. ಬಣ್ಣದ ನೀಲಿಯಲ್ಲ ಅದು.

ಐದು ದಿನ ಅಲ್ಲೇ ಇದ್ದರು. ಮೂರನೇ ದಿನ ಅವರ ತಮ್ಮ ನನ್ನನ್ನು ಆಸ್ಪತ್ರೆಯ ವರಾಂಡಕ್ಕೆ ಕರೆದರು. ಬೈದಾರೆಂದು ನಾನು ಸಿದ್ಧನಾಗಿದ್ದೆ. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡರು.

‘ಡಾಕ್ಟ್ರು ಹೇಳಿದ್ದಾರೆ. ಇನ್ನೊಂದು ಸಲ ಹೀಗೆ ಥಂಡಿ ಹಿಡಿದರೆ ಅಕ್ಕ ಉಳಿಯುವುದಿಲ್ಲ. ಮಳೆಗಾಲದಲ್ಲಿ ನೀನು ಕರ್ಕೊಂಡು ಹೋಗ್ಬೇಡ. ಏನಾದ್ರೂ ನೆವ ಹೇಳು. ನಾನು ಹೇಳಿದ್ದು ಅಂತ ಮಾತ್ರ ಗೊತ್ತಾಗ್ಬಾರ್ದು, ಮತ್ತೆ ನನ್ನಲ್ಲಿ ಮಾತಾಡ್ಲಿಕ್ಕಿಲ್ಲ ಅವಳು.’

‘ಆಯ್ತಣ್ಣ’ ಎಂದೆ. ಬೇರೆ ಏನು ಹೇಳಲಿ? ಹೊಳೆ ಉಕ್ಕಿದ ವರ್ಷ ನನ್ನ ಅಮ್ಮನನ್ನು ತನ್ನ ಜೀಪಿನಲ್ಲಿ ಹಾಕಿಕೊಂಡು, ಸೊಂಟದಷ್ಟು ನೀರಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದವರು ಇದೇ ಮನುಷ್ಯ. ಅಮ್ಮ ಇವತ್ತಿಗೂ ಮೀನು ಸಾರು ಮಾಡುತ್ತಾರೆಂದರೆ ಅದು ಅವರ ದಯೆ. ಅಲ್ಲದೆ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ನೀಲಿ ಉಗುರು ನಾನೂ ನೋಡಿದ್ದೆ.

ಮುಂದಿನ ಜೂನ್ ಬಂತು. ಸ್ಟ್ಯಾಂಡಿನ ಉಳಿದವರು ಟೀಚರ ಮುಖಕ್ಕೇ, ‘ಆಗುವುದಿಲ್ಲ ಟೀಚರ್, ನಿಮಗೆ ಏನಾದ್ರೂ ಆದರೆ ನಮ್ಮ ತಲೆಗೆ ಬರ್ತದೆ’ ಎಂದುಬಿಟ್ಟಿದ್ದರು. ಅವರಿಗೆ ಉಳಿದವನು ನಾನೊಬ್ಬ. ಗಡಾಯಿಕಲ್ಲು ನಾಲ್ಕೇ ಕಿಲೋಮೀಟರಿನಾಚೆ ಇದ್ದರೂ ಅಂಗಳ ದಾಟಿದರೆ ಅವರಿಗೆ ಏದುಸಿರು.

ಮೊದಲ ಫೋನು ಬಂದಾಗ ನನ್ನ ಬಾಯಿಗೆ ಸಿಕ್ಕಿದ ಸುಳ್ಳು ಗ್ಯಾರೇಜು.

‘ಇವತ್ತು ಮಳೆ ಸ್ವಲ್ಪ ಹಿಡಿಯುತ್ತದೆ ಅಂತ ಕಾಣ್ತದೆ. ಬರ್ತೀಯಾ?’

‘ಆಟೋ ಗ್ಯಾರೇಜಿನಲ್ಲಿ ಉಂಟು ಟೀಚರ್.’

‘ಹೌದಾ? ಪಾಪ. ಸರಿಯಾಗಲಿ. ಅವಸರ ಇಲ್ಲ.’

ಅವರ ಮನೆಯ ಗೇಟಿನ ಎದುರಿನಿಂದಲೇ ನನ್ನ ದಿನದ ದಾರಿ. ಇನ್ನು ಅಲ್ಲಿ ಸಿಕ್ಕಿಬೀಳುವುದು ಬೇಡವೆಂದು ಮರುದಿನದಿಂದಲೇ ಮನೆಯ ಹಿಂದಿನ ಗದ್ದೆಬದಿಯ ಮಣ್ಣುರಸ್ತೆ ಹಿಡಿದೆ. ಸುತ್ತು ದಾರಿ, ಹೊಂಡದ ಮೇಲೆ ಹೊಂಡ. ಆದರೂ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆಟೋ ಓಡಿಸುವಾಗ ಫೋನು ಎತ್ತುವವನಲ್ಲ ನಾನು. ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಅಲ್ಲಿನ ತಿರುವಿನ ಹಲಸಿನ ಮರದ ಹತ್ತಿರ ಬರುವಾಗ ಫೋನು ಬರುತ್ತಿತ್ತು. ಮರದಡಿ ನಿಲ್ಲಿಸಿ, ಎಂಜಿನ್ ಆರಿಸಿ, ಆಟೋ ಗ್ಯಾರೇಜಿನಲ್ಲಿದೆ ಎಂದು ಹೇಳಿ, ಮತ್ತೆ ಎಂಜಿನ್ ಶುರು ಮಾಡಿ ಹೋಗುತ್ತಿದ್ದೆ.

ಹೆಚ್ಚುಕಡಿಮೆ ದಿನವೂ ಇದೇ. ಒಮ್ಮೆ ಗೇರ್ ಬಾಕ್ಸು ಹೋಯಿತು, ಒಮ್ಮೆ ಕೇಬಲ್ಲು ತುಂಡಾಯಿತು, ಒಮ್ಮೆ ಮಂಗಳೂರಿನಿಂದ ಪಾರ್ಟು ಬರಲಿಲ್ಲ. ನನ್ನ ಹೆಂಡತಿ, ‘ಟೀಚರಿಗೂ ಇಷ್ಟು ಕಾಯಿಲೆ ಬರ್ಲಿಲ್ಲ, ನಿಮ್ಮ ಆಟೋಕ್ಕೆ ಬಂತಲ್ಲ’ ಎಂದಳು. ನನಗೆ ನಗು ಬರಲಿಲ್ಲ. ಕೆಲವು ದಿನ ಟೀಚರ ಮೇಲೆಯೇ ಸಿಟ್ಟು ಬರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ‘ನೀನು ಸುಳ್ಳು ಹೇಳ್ತೀಯಾ?’ ಎಂದು ಕೇಳಬಾರದೇ? ಕೇಳಿದ್ದರೆ ಎಲ್ಲ ಹೇಳಿ ಹಗುರಾಗುತ್ತಿದ್ದೆ. ಅವರು ಕೇಳಲಿಲ್ಲ. ಅತ್ತ ಕೊಟ್ಟ ಮಾತು, ಇತ್ತ ಈ ಮೆಲುದನಿ, ನಡುವೆ ಸಿಕ್ಕಿಬಿದ್ದು ನಾನು ದಿನಾ ಹಲಸಿನ ಮರದಡಿ ಬೆವರುತ್ತಿದ್ದೆ.

ಒಂದು ದಿನ ಅವರೇ ಮಾತು ಮುಂದುವರಿಸಿದರು.

‘ಇವತ್ತು ಕಲ್ಲು ಅರ್ಧ ಕಾಣ್ತಾ ಇರಬಹುದು ಮಾರಾಯ. ಹತ್ತು ನಿಮಿಷ ಸಾಕಿತ್ತು.’

‘ಎಂಜಿನ್ನೇ ಬಿಚ್ಚಿ ಹಾಕಿದ್ದಾರೆ ಟೀಚರ್.’

‘ಗ್ಯಾರೇಜಿನಲ್ಲಿದ್ದರೂ ಬಲಬದಿಯ ಪರದೆ ಕಟ್ಟಿಡು. ಸೀಟು ಒದ್ದೆಯಾಗ್ತದೆ’ ಎಂದು ಫೋನು ಇಟ್ಟರು. ನೋಡಿದರೆ ನಿಜಕ್ಕೂ ಬಲಬದಿಯ ಪರದೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಟೀಚರಿಗೆ ಹಳೆಯ ಅಭ್ಯಾಸ ಬಿಟ್ಟಿಲ್ಲ ಎಂದುಕೊಂಡು ಕಟ್ಟಿದೆ. ಅಷ್ಟು ದಡ್ಡ ನಾನು!

ಟೀಚರು ಹೋದದ್ದು ಚೌತಿ ಕಳೆದ ವಾರ, ಮಳೆ ಬಿಡುವ ಹೊತ್ತಿಗೆ. ದಮ್ಮಿನಿಂದಲ್ಲ. ಮಧ್ಯಾಹ್ನ ಗಂಜಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ನಿಂತದ್ದೆಂದು ಡಾಕ್ಟರು ಹೇಳಿದರಂತೆ. ಥಂಡಿಗೆ ಹೆದರಿ ಅವರನ್ನು ಒಳಗೆ ಕೂರಿಸಿದೆವು. ಸಾವು ಬಾಗಿಲು ತಟ್ಟದೆ ಒಳಗೇ ಬಂತು. ಸುದ್ದಿ ಕೇಳಿದಾಗ ನನಗೆ ಮೊದಲು ಅಳು ಬರಲಿಲ್ಲ, ಇನ್ನು ನಾಳೆ ಸುಳ್ಳು ಹೇಳಬೇಕಾಗಿಲ್ಲ ಎಂಬ ಸಮಾಧಾನ ಬಂತು. ಅದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಮನೆಯ ಎದುರು ಕಾರುಗಳು ತುಂಬಿದ್ದವು. ಆಟೋವನ್ನು ಹಿಂದಿನ ರಸ್ತೆಯ ಹಲಸಿನ ಮರದಡಿ ನಿಲ್ಲಿಸಿ ಹೋದೆ. ಊಟವಾದ ಮೇಲೆ ಟೀಚರ ತಮ್ಮ ನನ್ನನ್ನು ಕರೆದು, ‘ಅಕ್ಕನ ಬಣ್ಣದ ಸಾಮಾನು ನೀನೇ ತಗೊಂಡು ಹೋಗು. ನಮಗೆ ಅದನ್ನು ನೋಡ್ಲಿಕ್ಕೆ ಆಗುವುದಿಲ್ಲ’ ಎಂದು ಮಾಳಿಗೆಗೆ ಕರೆದುಕೊಂಡು ಹೋದರು. ಟೀಚರ ಕೋಣೆ ಮೊದಲಿನಂತೆ ಕೆಳಗೆ ಮುಂಭಾಗದಲ್ಲೇ ಇದೆಯೆಂದು ನಾನು ತಿಳಿದಿದ್ದೆ. ಅಲ್ಲಿ ಗೋಡೆಯಲ್ಲಿ ತೇವವೆಂದು ಆಸ್ಪತ್ರೆಯಿಂದ ಬಂದ ಮೇಲೆ ಮೇಲಿನ ಹಿಂಬದಿ ಕೋಣೆ ಕೊಟ್ಟರಂತೆ.

ಮೇಜಿನ ಮೇಲೆ ಹಾಳೆಗಳ ಕಟ್ಟು ಇತ್ತು. ಒಂದೊಂದನ್ನೇ ಮಗುಚಿದೆ. ಎಲ್ಲ ಬಿಳಿ.

‘ಈ ವರ್ಷ ಒಂದನ್ನೂ ಮುಟ್ಲಿಲ್ಲ. ಕಿಟಕಿಯಿಂದ ಕಾಣುವುದನ್ನಾದ್ರೂ ಬಿಡಿಸು ಅಂತ ಎಷ್ಟು ಹೇಳಿದೆ. ಬೆಳಿಗ್ಗೆ ಆ ಕಿಟಕಿಗೆ ಕುರ್ಚಿ ಹಾಕಿ ಕೂರ್ತಿದ್ದಳು. ಎಂಟೂಮುಕ್ಕಾಲಿಗೆ ಯಾರಿಗೋ ಫೋನು ಮಾಡಿಯೇ ಕಾಫಿಗೆ ಇಳಿಯುವುದು. ನಿನಗಾ?’

‘ಹೌದಣ್ಣ.’

ನಾನು ಕಿಟಕಿಯ ಹತ್ತಿರ ಹೋದೆ. ಗದ್ದೆ, ಮಣ್ಣುರಸ್ತೆ, ತಿರುವು. ಹಲಸಿನ ಮರದ ಕೊಂಬೆಗಳೆಲ್ಲ ಆಚೆ ಬದಿಗೆ. ಈಚೆ ಬದಿಯಲ್ಲಿ ನನ್ನ ಆಟೋ ನಿಂತಿತ್ತು. ನಂಬರು ಓದಬಹುದಿತ್ತು. ಮುಂದಿನ ಸೀಟಿನ ಮೇಲೆ ನಾನು ಬಿಟ್ಟು ಬಂದ, ಬೆವರೊರೆಸುವ ಬೈರಾಸು ಕಾಣುತ್ತಿತ್ತು. ಗಡಾಯಿಕಲ್ಲು ಅಲ್ಲಿಂದ ಕಾಣುತ್ತಲೇ ಇರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೆ. ಫೋನು ಎತ್ತುವುದು, ತಲೆ ಕೆರೆಯುವುದು, ಪರದೆ ಕಟ್ಟುವುದು, ಮತ್ತೆ ಎಂಜಿನ್ ಶುರು ಮಾಡಿ ಹೊರಡುವುದು, ಮೂರು ತಿಂಗಳು ಅವರು ಎಲ್ಲವನ್ನೂ ನೋಡಿದ್ದಾರೆ. ನೋಡಿಯೂ ಮರುದಿನ ಮತ್ತೆ ಕೇಳಿದ್ದಾರೆ.

‘ನೀನು ಏನು ನೆವ ಹೇಳ್ತಿದ್ದೆ?’ ಟೀಚರ ತಮ್ಮ ಹಿಂದಿನಿಂದ ಕೇಳಿದರು.

‘ಆಟೋ ಗ್ಯಾರೇಜಿನಲ್ಲಿ ಉಂಟು ಅಂತ.’

ಅವರು ನನ್ನ ಪಕ್ಕಕ್ಕೆ ಬಂದು ನಿಂತು ಕೆಳಗೆ ನೋಡಿದರು. ತುಂಬ ಹೊತ್ತು ನೋಡಿದರು.

‘ಫೋನು ಬರುವಾಗ ನೀನು ಎಲ್ಲಿರ್ತಿದ್ದೆ?’

ಸರಳಿನ ನಡುವಿನಿಂದ ಕೈ ಹೊರಗೆ ಹಾಕಿ, ಮರದಡಿ ನಿಂತ ನನ್ನ ಆಟೋವನ್ನು ತೋರಿಸಿದೆ.