ನೆತ್ತಿ ಮೂಸುತ್ತಿದ್ದ ಗಿರಿಜಾಬಾಯಿ

ಹುಟ್ಟಿದ ಮಗುವನ್ನು ತಾಯಿಯ ಮಗ್ಗುಲಲ್ಲಿ ಮಲಗಿಸುವ ಮೊದಲು ಗಿರಿಜಾಬಾಯಿ ಅದರ ನೆತ್ತಿ ಮೂಸುತ್ತಿದ್ದರು. ಕಣ್ಣು ಮುಚ್ಚಿ, ಮೂಗನ್ನು ನೆತ್ತಿಗೆ ತಾಗಿಸಿ, ನಿಧಾನವಾಗಿ ಉಸಿರೆಳೆದುಕೊಂಡು ಹೇಳುವರು: "ಇದು ಹೊಸ ಅಕ್ಕಿ ವಾಸನೆ." ಇನ್ನೊಂದಕ್ಕೆ, "ಇದು ಎಳೆ ತೆಂಗಿನಕಾಯಿ." ಬಾಣಂತಿಯರು ಆ ಮಾತಿಗೆ ಕಾಯುತ್ತಿದ್ದರು. ನರ್ಸಬಾಯಿ ಮೂಸಿದ ಮಗು ಗಟ್ಟಿ ಎಂಬ ನಂಬಿಕೆ ಹೊನ್ನಾವರದವರೆಗೂ ಹಬ್ಬಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಆಗ ಪತ್ರಿಕೆಯೊಂದಕ್ಕೆ ಕುಮಟೆಯಿಂದ ಸುದ್ದಿ ಕಳಿಸುತ್ತಿದ್ದೆ. ಗಿರಿಜಾಬಾಯಿ ಹಿರೇಗುತ್ತಿಯವರು, ಊರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ಮುಖ್ಯ ನರ್ಸು. ವಾರ್ಡಿನ ಬಾಗಿಲಲ್ಲಿ ಅವರು ಒಂದು ಬೋಗುಣಿ ನೀರು, ಒಂದು ತುಂಡು ಸಾಬೂನು ಇಟ್ಟಿದ್ದರು. ಅದನ್ನು ದಾಟಿ ಯಾರೂ ಹಾಗೆಯೇ ಒಳಗೆ ಹೋಗುವಂತಿರಲಿಲ್ಲ. ಮೊಮ್ಮಗನನ್ನು ನೋಡಲು ಬಂದ ಹವ್ಯಕರ ಅಜ್ಜಿಯೊಬ್ಬರು ಒಮ್ಮೆ ಅಲ್ಲೇ ಸಿಟ್ಟಾಗಿ ನಿಂತರು.

"ಯನ್ನದು ಮಡಿ ಸೀರೆ. ಯಂತಕ್ಕೆ ಕೈ ತೊಳಿಯವು?"

"ಮಡಿ ಸೀರೆಗೆ ಆತಲ್ರ ಅಮ್ಮ. ಕೈಗೆ ಸಾಬೂನು ಬೇಕು."

ಅಜ್ಜಿ ಗೊಣಗುತ್ತ ಕೈ ತೊಳೆದರು.

ಇಷ್ಟು ಕಾವಲಿದ್ದ ವಾರ್ಡಿನಲ್ಲೇ ಒಂದು ಮಳೆಗಾಲ ಕೂಸುಗಳ ಮೈಮೇಲೆ ಕೀವಿನ ಗುಳ್ಳೆ ಎದ್ದವು. ಬಾಣಂತಿಯರ ಮೊಲೆ ಬಾತು ಕೀವಾಯಿತು. ಅಲ್ಲಿಯವರೆಗೆ ಪೆನಿಸಿಲಿನ್ ಸೂಜಿ ಚುಚ್ಚಿದರೆ ಇಂಥದ್ದೆಲ್ಲ ಇಳಿದುಹೋಗುತ್ತಿತ್ತು. ಈ ಸಲ ಇಳಿಯಲಿಲ್ಲ. ಭಟ್ಕಳದ ಕಡೆಯ ಒಂದು ಕೂಸು ತೀರಿಕೊಂಡಿತು.

"ಈ ಕೀಟಾಣು ಪೆನಿಸಿಲಿನ್ ಅರಗಿಸಿಕೊಳ್ಳಲು ಕಲಿತಿದೆ. ಇನ್ನಷ್ಟು ಚುಚ್ಚಿ ಉಪಯೋಗವಿಲ್ಲ, ಅದು ಓಡಾಡುವ ದಾರಿ ಹುಡುಕಿ ಮುಚ್ಚಬೇಕು" ಎಂದು ವಾರ್ಡಿನ ಡಾಕ್ಟರು ಹೇಳಿದರು.

ಗಿರಿಜಾಬಾಯಿ ಸಂಬಂಧಿಕರ ಭೇಟಿ ನಿಲ್ಲಿಸಿದರು. ಗೋಡೆಗೆ ಸುಣ್ಣ ಹೊಡೆಸಿದರು. ಮಳೆ ಬಿಟ್ಟು ಹೊಳವಾದ ದಿನ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿಸಿದರು. ಆದರೂ ಹೊಸ ಗುಳ್ಳೆ ಕಂಡಾಗ ಅವರ ಅನುಮಾನ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಸುಬ್ರಾಯನ ಮೇಲೆ ಹೋಯಿತು.

"ಕುದ್ಸಿದ್ಯೋ, ನೀರು ತೋರ್ಸಿ ತಂದ್ಯೋ?"

"ಎಂತ ಹೇಳ್ತ್ರಿ ಬಾಯೋರೆ! ಇನ್ನೊಂದು ಕುದಿ ಕುದ್ಸಿದ್ರೆ ನಿಮ್ಮ ಚಾದರ ಗಂಜಿ ಆಗ್ತದೆ. ಉಪ್ಪು ಹಾಕ್ಕಂಡು ಉಣ್ಬೇಕಷ್ಟೆ."

ಸುತ್ತಲಿದ್ದವರು ನಕ್ಕರು. ಆದರೆ ಬಾಯಿಯವರ ಮಾತು ಪೇಟೆಗೆ ಮುಟ್ಟಿತು. ಊರಿನ ಮನೆಗಳು ಸುಬ್ರಾಯನಿಗೆ ಬಟ್ಟೆ ಕೊಡುವುದನ್ನು ಬಿಟ್ಟವು.

ಕೊನೆಗೆ ಡಾಕ್ಟರು ವಾರ್ಡಿಗೆ ಬರುವವರೆಲ್ಲರ ಮೂಗಿನೊಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಆ ಕಡ್ಡಿಗಳನ್ನು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಗಿರಿಜಾಬಾಯಿ ಎಲ್ಲರಿಗಿಂತ ಮುಂದೆ ನಿಂತು ಮೂಗೊಡ್ಡಿದ್ದರು. ಫಲಿತಾಂಶ ಬಂದ ದಿನ ಡಾಕ್ಟರು ಅವರನ್ನು ಕೂರಿಸಿ ಹೇಳಿದರು: ಕೂಸುಗಳ ಗುಳ್ಳೆಯಲ್ಲಿದ್ದ ಕೀಟಾಣು ಸುಬ್ರಾಯನಲ್ಲಿ ಇಲ್ಲ, ನಿಮ್ಮ ಮೂಗಿನಲ್ಲಿದೆ.

"ನಂಗೆ ನೆಗಡಿನೂ ಇಲ್ಲಲ್ರ, ಡಾಕ್ಟ್ರೆ?"

"ನೆಗಡಿ ಬೇಕಿಲ್ಲ ಬಾಯಿಯವರೇ. ಅದು ಸುಮ್ಮನೆ ಅಲ್ಲಿ ಕೂತಿರುತ್ತದೆ. ನಿಮಗೇನೂ ಮಾಡುವುದಿಲ್ಲ."

ಅವರು, "ನೆತ್ತಿ ಮೂಸ್ತಿದ್ದೆ ನಾನು" ಎಂದರಂತೆ. ವಾರ್ಡಿನ ಕೀಲಿಕೈಯನ್ನು ಕಿರಿಯ ನರ್ಸಿಗೆ ಕೊಟ್ಟು ಅಲ್ಲಿಂದಲೇ ಆಸ್ಪತ್ರೆಯ ಉಗ್ರಾಣದ ಕೆಲಸಕ್ಕೆ ಹೋದರು. ಅವರು ವಾರ್ಡು ಬಿಟ್ಟ ಮೇಲೆ ಹುಟ್ಟಿದ ಕೂಸುಗಳಲ್ಲಿ ಗುಳ್ಳೆ ಕಾಣಲಿಲ್ಲ.

ಫಲಿತಾಂಶ ಬಂದ ಮರುದಿನವೇ ಅವರು ನನ್ನನ್ನು ಕರೆಸಿದ್ದರು. "ಬರೀರಿ. ನನ್ನ ಹೆಸರು ಹಾಕೇ ಬರೀರಿ."

ನಾನು ಹೆಸರು ಹಾಕಿಯೇ ಕಳಿಸಿದೆ. ಸಂಪಾದಕರು ಅದನ್ನು ತೆಗೆದು "ಸಿಬ್ಬಂದಿಯೊಬ್ಬರಲ್ಲಿ ಸೋಂಕು ಪತ್ತೆ" ಎಂದು ಅಚ್ಚು ಹಾಕಿದರು. ರೋಗಿಯ ಹೆಸರು ಹಾಕಬಾರದೆಂಬುದು ನಮ್ಮಲ್ಲಿ ಒಳ್ಳೆಯ ನಿಯಮವೇ. ಗಿರಿಜಾಬಾಯಿ ಪತ್ರಿಕೆ ಮಡಚಿಟ್ಟು ಕೇಳಿದರು: "ಸುಬ್ರಾಯನೂ ಸಿಬ್ಬಂದಿಯೇ ಅಲ್ರ?"

ಅವರು ತಮ್ಮ ಮನೆಯ ಬಟ್ಟೆಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಪೇಟೆಯ ನಡುವಿನಿಂದಲೇ ಸುಬ್ರಾಯನ ಮನೆಗೆ ನಡೆದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ರೋಗ ಇದ್ದದ್ದು ನನ್ನ ಮೂಗಲ್ಲಿ. ಅಂವ ಸಮಾ ಕುದ್ಸಿದ್ದ." ಕೆಲವು ಮನೆಗಳು ಸುಬ್ರಾಯನಿಗೆ ಮತ್ತೆ ಬಟ್ಟೆ ಕೊಟ್ಟವು. ಎಲ್ಲವೂ ಅಲ್ಲ.

ಮೂಗಿಗೆ ಮುಲಾಮು ಹಚ್ಚಿದಾಗ ಕೀಟಾಣು ಒಮ್ಮೆ ಹೋಯಿತು, ಕೆಲವು ತಿಂಗಳಿಗೆ ಮರಳಿತು. ಮತ್ತೆ ಹೋದಾಗ ಡಾಕ್ಟರು ವಾರ್ಡಿಗೆ ಕರೆದರು. ಅವರು ಒಪ್ಪಲಿಲ್ಲ. "ಹೋದದ್ದು ಒಂದ್ಸಲ ತಿರ್ಗಿ ಬಂತಲ್ರ. ನನ್ನ ಮೂಗನ್ನ ನಾನೇ ನಂಬೂದಿಲ್ಲ."

ನನ್ನ ಮಗಳು ಅದೇ ವಾರ್ಡಿನಲ್ಲಿ ಹುಟ್ಟಿದಳು. ಸುದ್ದಿ ತಿಳಿದು ಗಿರಿಜಾಬಾಯಿ ಉಗ್ರಾಣದಿಂದ ಬಂದು, ಬೋಗುಣಿಯ ಆಚೆಗೇ ನಿಂತರು. ನಾನು ಮಗುವನ್ನೆತ್ತಿಕೊಂಡು ಬಾಗಿಲ ಕಡೆ ಹೊರಟಾಗ ಕೈಯೆತ್ತಿ ತಡೆದರು.

"ಅಲ್ಲೇ ನಿಂತ್ಕಣಿ. ಕೈ ತೊಳದ್ರಿ?"

"ತೊಳೆದಿದ್ದೇನೆ."

"ಹಂಗಾದ್ರೆ ನೆತ್ತಿ ಮೂಸಿ ಹೇಳಿ. ಎಂತ ವಾಸನೆ?"

ಮೂಸಿದೆ. "ಸಾಬೂನು" ಎಂದೆ.

"ಅದು ನಿಮ್ಮ ಕೈದು ಮಾರಾಯ್ರೆ! ಸಮಾ ಮೂಸಿ."

ಕಣ್ಣು ಮುಚ್ಚಿ ಮತ್ತೆ ಮೂಸಿದೆ. ಅವರು ಬಾಗಿಲಾಚೆ ಕಾಯುತ್ತಿದ್ದರು. ಕಂಡದ್ದನ್ನಷ್ಟೇ ಬರೆಯುವ ನನಗೆ ವಾಸನೆಗೆ ಹೆಸರಿಡುವುದು ಗೊತ್ತಿರಲಿಲ್ಲ. ಅವರದೇ ಮಾತನ್ನು ಎರವಲು ತಂದೆ.

"ಹೊಸ ಅಕ್ಕಿ."

"ಆತು" ಎಂದರು. ಆಮೇಲೆ, ಮೂಸಿದವರು ತಾವೇ ಎಂಬಂತೆ, ದೀರ್ಘವಾಗಿ ಉಸಿರೆಳೆದುಕೊಂಡು ಉಗ್ರಾಣದ ಕಡೆಗೆ ತಿರುಗಿದರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಅಂದು.