ಎರಡಡಿ ಕಮ್ಮಿಯ ಗೋಡೆ

ನಾನು ಮರಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಬ್ಬ ಮೇಡಂ ಇದ್ದಾರೆ. ಪಾಠ ಮಾಡುವವರಲ್ಲ, ಮಕ್ಕಳ ಮನಸ್ಸಿನ ಕಷ್ಟ ಕೇಳುವವರು. ಬಾಗಿಲ ಮೇಲೆ ‘ಆಪ್ತ ಸಮಾಲೋಚಕಿ’ ಎಂಬ ಬೋರ್ಡಿದೆ. ಹುಡುಗಿಯರು ಇಟ್ಟ ಹೆಸರು ಮಾತ್ರ ಹೂಂ ಮೇಡಂ. ಯಾರು ಏನು ಹೇಳಿದರೂ ಕತ್ತು ವಾಲಿಸಿಕೊಂಡು ‘ಹೂಂ’ ಎನ್ನುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೊದಮೊದಲು ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಇದೂ ಒಂದು ಕೆಲಸವೇ?

ಅವರ ಕೋಣೆ ಮಾಡಿಕೊಟ್ಟವನು ನಾನು. ಆಫೀಸನ್ನೇ ಅಡ್ಡ ಸೀಳಿ ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿದೆ. ಎರಡು ಕಡೆಗೂ ಇರುವುದು ಒಂದೇ ಫ್ಯಾನು. ಹಾಗಾಗಿ ಮೇಲೆ ಎರಡಡಿ ಬಿಡಬೇಕೆಂದು ಹೆಡ್ ಮೇಡಂ ಅಪ್ಪಣೆ ಮಾಡಿದರು.

ಹೂಂ ಮೇಡಂ ಬಂದು ತಲೆಯೆತ್ತಿ ನೋಡಿದರು. “ಅಣ್ಣಾ, ಇದು ಸೂರಿನವರೆಗೂ ಬರಲ್ವಾ?”

“ಗಾಳಿ ಬೇಡ್ವಾ ಮೇಡಂ? ಉಸಿರು ಕಟ್ಟಿ ಬಿದ್ರೆ ನನ್ನ ತಲೆಗೆ ಬರುತ್ತೆ,” ಎಂದು ರೇಗಿದೆ.

“ಹೂಂ,” ಎಂದು ಹೋದರು.

ಅಲ್ಲೇ ನಾನು ಬಾಯಿ ಮುಚ್ಚಿಕೊಂಡು ಅವರ ಮಾತು ಕೇಳಬೇಕಿತ್ತು.

ವರ್ಷವಿಡೀ ಒಂದು ಹುಡುಗಿಯೂ ಬಾಯಿಬಿಡಲಿಲ್ಲವಂತೆ. ಬರುವುದು, ಉಗುರು ಕಚ್ಚುವುದು, ತಲೆನೋವು ಎನ್ನುವುದು, ಹೋಗುವುದು. ಮೇಡಂ ಬೇಸರಪಡಲಿಲ್ಲ. ಒಗೆದು ಮಡಿಸಿದ ಕರವಸ್ತ್ರಗಳನ್ನು ಮೇಜಿನ ಡ್ರಾಯರಿನಲ್ಲಿ ತುಂಬಿಟ್ಟುಕೊಂಡು ಕಾದರು. ಡ್ರಾಯರು ಕಿರ್ರೆನ್ನುತ್ತದೆಂದು ನನ್ನನ್ನು ಕರೆಸಿದರು. “ಅಳೋ ಮಗು ಬೆಚ್ಚಿಬಿದ್ರೆ ಅಳು ಒಳಗೇ ಉಳಿದುಬಿಡುತ್ತೆ ಅಣ್ಣಾ.” ಅವತ್ತು ಈ ಹೆಂಗಸಿನ ಕೆಲಸ ಏನೆಂದು ನನ್ನ ಮರದ ತಲೆಗೆ ಸ್ವಲ್ಪ ಹೊಕ್ಕಿತು.

ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬರತೊಡಗಿದಳು. ಕಡ್ಡಿಯಂಥ ಮಗು. ನಾಲ್ಕು ಗುರುವಾರ ಸುಮ್ಮನೆ ಕೂತು ಎದ್ದುಹೋದಳಂತೆ. ಐದನೇ ಗುರುವಾರ ನಾನು ಆಫೀಸಿನ ಕಡೆ ಬೀರುವಿನ ಬಾಗಿಲು ಸರಿಮಾಡುತ್ತಿದ್ದೆ. ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು. ಅಪ್ಪ ಅಮ್ಮನನ್ನು ಹೊಡೆಯುತ್ತಾನೆ, ತಾನು ಅಡ್ಡ ಹೋದರೆ ತನಗೂ ಬೀಳುತ್ತದೆ. ಒಂದೊಂದು ಅಕ್ಷರವೂ ಎರಡಡಿ ಸಂದಿನಿಂದ ಇಳಿದು ಬರುತ್ತಿತ್ತು.

ಗುಮಾಸ್ತ ಪೆನ್ನು ಕೆಳಗಿಟ್ಟು ಕಣ್ಣು ಮಿಟುಕಿಸಿದ. “ಸದ್ದು ಮಾಡ್ಬೇಡ ಕಣಯ್ಯಾ. ರೇಡಿಯೋಗಿಂತ ಚೆನ್ನಾಗಿದೆ. ಅವರಪ್ಪ ನಂಗೆ ಗೊತ್ತಿರೋನೇ.”

“ಥೂ! ನಾಚ್ಕೆ ಆಗಲ್ವೇನ್ರೀ? ನಿಮ್ಮ ಮನೇಲಿ ಹೆಣ್ಣುಮಕ್ಕಳಿಲ್ವಾ?” ಎಂದು ಸುತ್ತಿಗೆ ತೆಗೆದುಕೊಂಡು ಬೀರುವಿಗೆ ಬೇಕಿಲ್ಲದ ಮೊಳೆಗಳನ್ನೆಲ್ಲ ಹೊಡೆದೆ. ಆದರೆ ಮೇಡಂ ಹತ್ತಿರ ಹೋಗಿ ಮಾತು ಇತ್ತ ಕೇಳಿಸುತ್ತಿದೆ ಎಂದು ಹೇಳಲಿಲ್ಲ. ಗೋಡೆ ನನ್ನದಲ್ಲವೇ, ಬಾಯಿ ಬರಲಿಲ್ಲ.

ಸೋಮವಾರ ಅಪ್ಪ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ. ನಾನು ಕಾರಿಡಾರಿನಲ್ಲಿ ಬೆಂಚಿಗೆ ಕಾಲು ಕೂಡಿಸುತ್ತಿದ್ದೆ.

“ಮನೆ ಮಾತು ಊರಿಗೆಲ್ಲ ಹಂಚೋಕೇನಮ್ಮಾ ನಿನಗೆ ಇಲ್ಲಿ ಕುರ್ಚಿ ಹಾಕಿರೋದು? ನನ್ನ ಮಗಳ ಟಿ.ಸಿ. ಕೊಡಿ ಮೊದಲು!”

ಹುಡುಗಿ ಅಪ್ಪನನ್ನು ನೋಡಲಿಲ್ಲ. ಮೇಡಂ ಮುಖ ನೋಡಿ ಕೇಳಿದಳು: “ನೀವು ಯಾರಿಗೂ ಹೇಳಲ್ಲ ಅಂದಿದ್ರಲ್ವಾ ಮಿಸ್?”

“ನಾನು ಹೇಳ್ಲಿಲ್ಲ ಕಂದಾ. ಆಣೆ ಮಾಡ್ತೀನಿ.”

“ಮತ್ತೆ ಅವರಿಗೆ ಹೇಗೆ ಗೊತ್ತಾಯ್ತು?”

ಉತ್ತರ ನನ್ನ ಹತ್ತಿರ ಇತ್ತು. ನಾನು ಬಾಯಿ ತೆಗೆಯುವ ಹೊತ್ತಿಗೆ ಅಪ್ಪ ಮಗಳು ಗೇಟು ದಾಟಿದ್ದರು.

ಆಮೇಲೆ ಎಲ್ಲವನ್ನೂ ಮೇಡಂಗೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ‘ಹೂಂ’ ಕೂಡ ಎನ್ನಲಿಲ್ಲ. ನಾನು ಗುಮಾಸ್ತನ ಕೊರಳಪಟ್ಟಿ ಹಿಡಿದೆ. “ತಮಾಷೆಗೆ ಒಂದು ಮಾತು ಅಂದೆ ಮಾರಾಯಾ, ಅವನು ಹಂಗೆ ತಗೋತಾನೆ ಅಂತ ನಂಗೇನು ಗೊತ್ತು?” ಎಂದ. ಹೆಡ್ ಮೇಡಂ ನಮ್ಮಿಬ್ಬರಿಗೂ ಬೈದರು. ಗೋಡೆಯ ವಿಷಯ ರಜೆಯಲ್ಲಿ ನೋಡೋಣ ಎಂದರು. ರಜೆಯಂತೆ ರಜೆ!

ಹೂಂ ಮೇಡಂ ಹುಡುಗಿಯ ಮನೆಗೆ ಎರಡು ಸಲ ಹೋದರು. ಒಳಗೆ ಪಾತ್ರೆಯ ಸದ್ದಿತ್ತಂತೆ, ಬಾಗಿಲು ತೆರೆಯಲಿಲ್ಲ. ಮಕ್ಕಳ ರಕ್ಷಣೆಯ ಕಚೇರಿಗೆ ಅರ್ಜಿ ಕೊಟ್ಟರು. ಅಲ್ಲಿಂದ ಜನ ಬರುವಷ್ಟರಲ್ಲಿ ಆ ಮನೆಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ತಿಳಿಯದು.

ಭಾನುವಾರ ನಾನೇ ಹಲಗೆ ಹೊತ್ತುಕೊಂಡು ಹೋಗಿ ಗೋಡೆಯನ್ನು ಸೂರಿನವರೆಗೂ ಮುಚ್ಚಿದೆ. ಸಂದಿಗೆ ಬಟ್ಟೆ ತುರುಕಿದೆ. ಮೇಡಂ ಒಳಗೆ ಕೂತು ಮಾತಾಡಿದರು, ನಾನು ಈಚೆ ಕಿವಿಯಿಟ್ಟೆ.

“ಒಂದು ಅಕ್ಷರಾನೂ ಕೇಳಿಸ್ಲಿಲ್ಲ ಮೇಡಂ. ಇನ್ನು ಹೆದರಬೇಡಿ.”

“ಇನ್ನು ಯಾರು ಬರ್ತಾರೆ ಅಣ್ಣಾ?”

ಯಾರೂ ಬರಲಿಲ್ಲ. ಹೂಂ ಮೇಡಂಗೆ ಹೇಳಿದರೆ ಅಪ್ಪನಿಗೆ ಹೇಳಿದಂತೆ ಎಂಬ ಮಾತು ಕ್ಲಾಸಿನಿಂದ ಕ್ಲಾಸಿಗೆ ಹರಡಿತ್ತು. ಮೂರು ತಿಂಗಳು ಮೇಡಂ ಫ್ಯಾನಿನ ಗಾಳಿಯೂ ಬಾರದ ಆ ಧಗೆಯಲ್ಲಿ ಬೆವರೊರೆಸಿಕೊಂಡು ಒಬ್ಬರೇ ಕೂತರು.

ಹೋದ ವಾರ ಹೆಡ್ ಮೇಡಂ ಕರೆಸಿ, ಆ ಕೋಣೆಗೆ ಹಳೇ ಉತ್ತರಪತ್ರಿಕೆ ಇಡಲು ರ‍್ಯಾಕ್ ಹೊಡೆಯಲು ಹೇಳಿದರು. ಟೇಪು ಹಿಡಿದು ಹೋದೆ. ಹೂಂ ಮೇಡಂ ತಾವೇ ಎದ್ದು ಎರಡು ಕುರ್ಚಿ ಕಾರಿಡಾರಿಗೆ ಎಳೆದು, ಎದುರುಬದುರು ಇಟ್ಟು, ಒಂದರಲ್ಲಿ ಕೂತರು. ಬೆಲ್ಲಾಯಿತು. ಹುಡುಗಿಯರು ಹಿಂಡುಹಿಂಡಾಗಿ ಬಂದರು. ಖಾಲಿ ಕುರ್ಚಿಯ ಹತ್ತಿರ ಬಂದಾಗ ಮಾತು ನಿಲ್ಲಿಸಿ, ಗೋಡೆ ಸವರಿಕೊಂಡು ದಾಟಿ, ಆಚೆ ಹೋದ ಮೇಲೆ ಮತ್ತೆ ಮಾತು ಶುರುಮಾಡಿದರು.